ಸುಹೈಲಿ: ಒಂದು ಹಾಯಿನಾವೆಯ ಚರಿತ್ರೆ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯವರಾದ ನಾವು ಕಡಲನ್ನು ಭೂಪಟದಲ್ಲಿ ಕಂಡುದೇ ಹೆಚ್ಚು. ನಮ್ಮ ಉತ್ತರ ಪಿನಾಕಿನಿಯು ಮಳೆ ಬಂದಾಗ ಹರಿದು, ಉಳಿದ ಕಾಲದಲ್ಲಿ ಮರಳಾಗಿ ಮಲಗುವ ನದಿ. ಹೀಗಿರುವಾಗ ಹಾಯಿನಾವೆಗಳ ಪಂದ್ಯದ ವಿಚಾರವು ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಕಾರಣವುಂಟು. ಒಬ್ಬನೇ ನಾವಿಕನನ್ನು ಹೊತ್ತು, ಎಲ್ಲಿಯೂ ನಿಲ್ಲದೆ ಭೂಮಂಡಲವನ್ನು ಸುತ್ತಿ ಬಂದ ಮೊಟ್ಟಮೊದಲನೆಯ ನಾವೆಯು ನಮ್ಮ ದೇಶದ ಬಡಗಿಗಳ ಕೈಯಲ್ಲಿ ಸಿದ್ಧವಾದುದು. ಅದರ ಹೆಸರು ಸುಹೈಲಿ. ಅದು ವೇಗದ ನಾವೆಯಾಗಿರಲಿಲ್ಲ. ಆದರೂ ಜಗತ್ಪ್ರಸಿದ್ಧವಾದ ಪಂದ್ಯದಲ್ಲಿ ಗುರಿಮುಟ್ಟಿದುದು ಅದೊಂದೇ. ಇದು ಹೇಗಾಯಿತೆಂಬುದನ್ನು ತಿಳಿಯುವುದು ಎಲ್ಲರಿಗೂ ಲಾಭದಾಯಕವೆಂದು ನಾವು ನಂಬುತ್ತೇವೆ.

ಸುಹೈಲಿಯು ಹುಟ್ಟಿದುದು ಮುಂಬಯಿಯಲ್ಲಿ. ಬ್ರಿಟಿಷ್ ವರ್ತಕ ಹಡಗೊಂದರ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ತರುಣರು ತಮ್ಮ ಸಂಗಡಿಗರೊಡನೆ ಸೇರಿ 1963ರಲ್ಲಿ ಇದನ್ನು ಕಟ್ಟಿಸಲಾರಂಭಿಸಿದರು. ಅವರು ಇಂಗ್ಲೆಂಡಿನಿಂದ ತರಿಸಿಕೊಂಡ ನಕ್ಷೆಯು ಹಳೆಯ ಮಾದರಿಯದು. ನಾರ್ವೆ ದೇಶದಲ್ಲಿ ಬಿರುಗಾಳಿಗೆ ಸಿಕ್ಕಿದ ಮೀನುಗಾರರನ್ನು ಕಾಪಾಡಲು ಬಳಸುತ್ತಿದ್ದ ದೋಣಿಗಳನ್ನು ಅನುಸರಿಸಿದುದು. ಹಿಂದೂ ಮುಂದೂ ಚೂಪು, ಅಗಲವಾದ ಒಡಲು, ಬಲು ಭಾರ. ಉದ್ದವು ಸುಮಾರು 32 ಅಡಿ, ಅಗಲವು 11 ಅಡಿ. ಶಾಲೆಯ ಒಂದು ಕೊಠಡಿಯಷ್ಟು ಎನ್ನಬಹುದು. ಮರವು ತೇಗ. ಬಡಗಿಗಳ ಬಳಿ ಇದ್ದುದು ಬಾಚಿ, ಬಿಲ್ಲಿನಂತೆ ಹಗ್ಗ ಸುತ್ತಿ ತಿರುಗಿಸುವ ಬೈರಿಗೆ ಮೊದಲಾದ ಕೈಯಾಯುಧಗಳೇ. 1964ರ ಡಿಸೆಂಬರಿನಲ್ಲಿ ನಮ್ಮ ದೇಶದ ಪದ್ಧತಿಯಂತೆ ತೆಂಗಿನಕಾಯಿ ಒಡೆದು ನಾವೆಯನ್ನು ನೀರಿಗಿಳಿಸಿದರು. ಪರ್ಷಿಯನ್ ಕೊಲ್ಲಿಯಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ಅರಬ್ ನಾವಿಕರು ಇಟ್ಟ ಹೆಸರೇ ಸುಹೈಲಿ. ಆ ಹೆಸರು ನಾವೆಗೂ ಬಂದಿತು.

ನಾವೆಯ ಹಲಗೆಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ನಡುವೆ ಸಂದು ಉಳಿಯುತ್ತದೆ. ಆ ಸಂದಿಗೆ ಹತ್ತಿಯನ್ನು ಬಿಗಿಯಾಗಿ ತುಂಬಿ ಮೆತ್ತುವರು. ನೀರಿಗಿಳಿದ ಮೇಲೆ ಮರವು ನೆನೆದು ಉಬ್ಬಿ, ಸಂದು ಇನ್ನೂ ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಗಾಲಿಯು ಒಣಗಿ, ಕಬ್ಬಿಣದ ಪಟ್ಟಿ ಸಡಿಲವಾದಾಗ ನಮ್ಮ ಹಿರಿಯರು ಗಾಲಿಯನ್ನು ನೀರಿನಲ್ಲಿ ನೆನೆಹಾಕುತ್ತಿದ್ದುದು ಇದೇ ತತ್ತ್ವದಿಂದ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

1967ರಲ್ಲಿ ಸರ್ ಫ್ರಾನ್ಸಿಸ್ ಚಿಚೆಸ್ಟರ್ ಎಂಬವರು ಆಸ್ಟ್ರೇಲಿಯಾದಲ್ಲಿ ಒಂದು ಕಡೆ ಮಾತ್ರ ತಂಗಿ, ಒಬ್ಬರೇ ಜಗತ್ತನ್ನು ಸುತ್ತಿ ಬಂದಿದ್ದರು. ಎಲ್ಲಿಯೂ ತಂಗದೆ ಸುತ್ತುವುದು ಮನುಷ್ಯಸಾಧ್ಯವೇ ಎಂಬ ಪ್ರಶ್ನೆಯು ಉಳಿದಿತ್ತು. 1968ರಲ್ಲಿ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯು ಇದಕ್ಕಾಗಿ ಪಂದ್ಯವನ್ನು ಸಾರಿತು. ಮೊದಲು ಮರಳಿದವರಿಗೆ ಚಿನ್ನದ ಗೋಳ. ಅತಿ ಕಡಮೆ ದಿನಗಳಲ್ಲಿ ಸುತ್ತಿದವರಿಗೆ 5,000 ಪೌಂಡು. ಜೂನ್ 1ರಿಂದ ಅಕ್ಟೋಬರ್ 31ರ ಒಳಗೆ ಯಾವಾಗ ಬೇಕಾದರೂ ಹೊರಡಬಹುದು. ಆದರೆ ಬಂದರಿಗೆ ಹೋಗಕೂಡದು, ಯಾರಿಂದಲೂ ಏನನ್ನೂ ಪಡೆಯಕೂಡದು. ಒಂಬತ್ತು ಮಂದಿ ಹೊರಟರು. ಇಪ್ಪತ್ತೊಂಬತ್ತು ವರ್ಷದ ನಾಕ್ಸ್-ಜಾನ್‌ಸ್ಟನ್ನರು ಹೊಸ ನಾವೆಯೊಂದನ್ನು ಕಟ್ಟಿಸಲು ಹಣವಿಲ್ಲದೆ ತಮ್ಮ ಸುಹೈಲಿಯಲ್ಲಿಯೇ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹಾಯಿ ಬಿಚ್ಚಿದರು.

ದಾರಿಯು ಇಂತಹುದು: ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣಕ್ಕೆ ಇಳಿದು, ಆಫ್ರಿಕದ ತುದಿಯನ್ನು ದಾಟಿ, ಆಸ್ಟ್ರೇಲಿಯಾ ನ್ಯೂಜಿಲೆಂಡುಗಳ ದಕ್ಷಿಣಕ್ಕೆ ಸಾಗಿ, ದಕ್ಷಿಣ ಅಮೆರಿಕದ ಹಾರ್ನ್ ಭೂಶಿರವನ್ನು ಬಳಸಿ ಮತ್ತೆ ಉತ್ತರಕ್ಕೆ ಏರುವುದು. ಸುಮಾರು 30,000 ಮೈಲಿ. ದಕ್ಷಿಣ ಅಕ್ಷಾಂಶ 40 ಡಿಗ್ರಿಯಿಂದಾಚೆಗೆ ಗಾಳಿಯನ್ನು ತಡೆಯುವ ನೆಲವು ಹೆಚ್ಚಾಗಿ ಇಲ್ಲ. ಆದುದರಿಂದ ಪಶ್ಚಿಮದ ಗಾಳಿಯು ಎಡೆಬಿಡದೆ ಬೀಸಿ, ಬೆಟ್ಟದಂತಹ ಅಲೆಗಳನ್ನು ಎಬ್ಬಿಸುತ್ತದೆ. ನಾವಿಕರು ಆ ಪ್ರದೇಶವನ್ನು 'ಗರ್ಜಿಸುವ ನಲವತ್ತು' ಎಂದು ಕರೆಯುವರು.

ಕಷ್ಟಗಳು ಆ ಪ್ರದೇಶವನ್ನು ಸೇರುವ ಮೊದಲೇ ಆರಂಭವಾದುವು. ಆಫ್ರಿಕದ ಪಶ್ಚಿಮಕ್ಕಿರುವಾಗ ನಾವೆಯೊಳಗೆ ನೀರು ಬರತೊಡಗಿತು. ನಾವಿಕರು ಕಡಲಿಗೆ ಧುಮುಕಿ ನೋಡಲು ಅಡಿಯ ಸಂದುಗಳು ಬಿಟ್ಟಿದ್ದುವು. ನೀರಿನಡಿಯಲ್ಲಿ ಉಸಿರು ಹಿಡಿದು ಹತ್ತಿಯನ್ನು ತುಂಬಲು ಹೋದರೆ ಅದು ನಿಲ್ಲಲಿಲ್ಲ. ಆಗ ಅವರು ಕ್ಯಾನ್ವಾಸಿನ ಪಟ್ಟಿಗೆ ಹತ್ತಿಯನ್ನು ಹೊಲಿದು, ಡಾಂಬರು ಬಳಿದು, ತಾಮ್ರದ ಮೊಳೆಗಳಿಂದ ಹಲಗೆಗೆ ಬಡಿದರು. ನಡುವೆ ಶಾರ್ಕ್ ಮೀನೊಂದು ಸುಳಿಯಲಾರಂಭಿಸಿತು. ಅದನ್ನು ಗುಂಡಿಟ್ಟು ಕೊಂದು ಮತ್ತೆ ನೀರಿಗಿಳಿದು ಕೆಲಸವನ್ನು ಮುಗಿಸಿದರು.

ಸೆಪ್ಟೆಂಬರಿನಲ್ಲಿ ಆಫ್ರಿಕದ ಆಚೆ ಮಹಾ ಅಲೆಯೊಂದು ಸುಹೈಲಿಯನ್ನು ಮಗ್ಗುಲಿಗೆ ಕೆಡವಿತು. ಅದು ತಾನಾಗಿಯೇ ಎದ್ದು ನಿಂತಿತಾದರೂ ಕೋಣೆಯ ಮಾಡು ಕದಲಿತ್ತು, ತೊಟ್ಟಿಯಲ್ಲಿದ್ದ ಕುಡಿಯುವ ನೀರು ಕೆಟ್ಟಿತ್ತು. ಅಂದಿನಿಂದ ಹಾಯಿಯ ಮೇಲೆ ಬಿದ್ದ ಮಳೆಯ ನೀರನ್ನು ಪಾತ್ರೆಗೆ ಹಿಡಿದು ಕುಡಿಯಬೇಕಾಯಿತು. ಸುತ್ತಲೂ ನೀರಿದ್ದರೂ ಕುಡಿಯಲು ಮಳೆಗಾಗಿ ಕಾಯುವ ಸ್ಥಿತಿಯನ್ನು ನಮ್ಮ ಸೀಮೆಯವರು ಚೆನ್ನಾಗಿ ಊಹಿಸಬಲ್ಲರು. ರೇಡಿಯೋ ಕೆಟ್ಟಿತು. ಆಸ್ಟ್ರೇಲಿಯಾದ ದಕ್ಷಿಣದಲ್ಲಿ, ನಾವಿಕನು ಮಲಗಿದಾಗ ನಾವೆಯನ್ನು ದಾರಿಯಲ್ಲಿರಿಸುವ ಯಂತ್ರವು ಮುರಿಯಿತು. ಆಗ ಹಾಯಿಗಳನ್ನೇ ಹದವಾಗಿ ಹೊಂದಿಸಿ, ನಾವೆಯು ತಾನೇ ನೇರವಾಗಿ ಹೋಗುವಂತೆ ಮಾಡಿಕೊಂಡರು. ನ್ಯೂಜಿಲೆಂಡಿನ ಒಟಾಗೊ ಬಳಿ ನೆಲ ತಾಗಿದ ನಾವೆಯನ್ನು ಯಾರ ನೆರವೂ ಇಲ್ಲದೆ ಬಿಡಿಸಿಕೊಂಡರು. ದಡವು ಅಷ್ಟು ಹತ್ತಿರವಿದ್ದರೂ ನಿಯಮದಂತೆ ಒಂದು ಕಾಗದವನ್ನು ಕೂಡ ಪಡೆಯುವಂತಿರಲಿಲ್ಲ.

1969ರ ಜನವರಿ 17ರಂದು ಸುಹೈಲಿಯು ಹಾರ್ನ್ ಭೂಶಿರವನ್ನು ದಾಟಿತು. ನ್ಯೂಜಿಲೆಂಡನ್ನು ಬಿಟ್ಟ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದರ ಸುದ್ದಿಯೇ ಇಲ್ಲದೆ, ಅನೇಕರು ಆಸೆಯನ್ನು ಬಿಟ್ಟಿದ್ದರು. ಏಪ್ರಿಲಿನಲ್ಲಿ ಎಣ್ಣೆಯ ಹಡಗೊಂದು ಅದನ್ನು ಕಂಡಿತು. ಏಪ್ರಿಲ್ 22ರಂದು, ಹೊರಟ 312ನೆಯ ದಿನ, ಅದು ಫಾಲ್ಮತ್‌ಗೆ ಮರಳಿತು. ಸುಂಕದ ಅಧಿಕಾರಿಗಳು ವಾಡಿಕೆಯಂತೆ ಎಲ್ಲಿಂದ ಬಂದಿರೆಂದು ಕೇಳಲು, ನಾವಿಕರು ಫಾಲ್ಮತ್‌ನಿಂದಲೇ ಎಂದರು! ಒಟ್ಟು ಪ್ರಯಾಣದ ಸರಾಸರಿ ವೇಗವು ಗಂಟೆಗೆ ನಾಲ್ಕು ಕಡಲಮೈಲಿಗಳಷ್ಟೇ. ಎಂದರೆ ಬಿರುಸಾಗಿ ನಡೆಯುವವನ ವೇಗಕ್ಕಿಂತ ತುಸು ಹೆಚ್ಚು.

ಉಳಿದ ಎಂಟು ಮಂದಿಯ ಗತಿಯೇನಾಯಿತು? ಐವರು ಅಟ್ಲಾಂಟಿಕ್ಕಿನಲ್ಲಿಯೋ ಆಫ್ರಿಕದ ಬಳಿಯೋ ಹಿಂದೆಗೆದರು. ಫ್ರಾನ್ಸಿನ ಮ್ವಾತೆಸಿಯೇ ಎಂಬವರು ಸುಹೈಲಿಗಿಂತ ವೇಗವಾಗಿ ಬರುತ್ತಿದ್ದವರು, ಬಹುಮಾನವೇ ಬೇಡವೆಂದು ನಾವೆಯನ್ನು ತಿರುಗಿಸಿ ತಾಹಿತಿ ದ್ವೀಪಕ್ಕೆ ಹೋದರು. ಇನ್ನುಳಿದವರು ಟೆಟ್ಲಿ ಮತ್ತು ಕ್ರೋಹರ್ಸ್ಟ್. ಕ್ರೋಹರ್ಸ್ಟರ ನಾವೆಯು ದಕ್ಷಿಣ ಸಾಗರಕ್ಕೆ ತಕ್ಕುದಾಗಿರಲಿಲ್ಲ. ಪಂದ್ಯವನ್ನು ಬಿಟ್ಟರೆ ಸಾಲದಿಂದ ಮನೆ ಹಾಳಾಗುವ ಭಯವಿತ್ತು. ಅವರು ಅಟ್ಲಾಂಟಿಕ್ಕಿನಲ್ಲಿಯೇ ಅಡ್ಡಾಡುತ್ತ, ಜಗತ್ತನ್ನು ಸುತ್ತುತ್ತಿರುವೆನೆಂದು ಸುಳ್ಳು ವರದಿಗಳನ್ನು ಕಳುಹಿಸಿದರು. ಅದನ್ನು ನಂಬಿದ ಟೆಟ್ಲಿಯವರು, ಪ್ರತಿಸ್ಪರ್ಧಿಯು ಬೆನ್ನಟ್ಟಿ ಬರುತ್ತಿರುವನೆಂದು ಜೀರ್ಣವಾಗಿದ್ದ ತಮ್ಮ ನಾವೆಯನ್ನು ಅವಸರದಿಂದ ನಡೆಸಲು, ಅದು ಮೇ ತಿಂಗಳಲ್ಲಿ ಒಡೆದು ಮುಳುಗಿತು. ಅವರ ಪ್ರಾಣವೇನೋ ಉಳಿಯಿತು. ಜುಲೈ 10ರಂದು ಕ್ರೋಹರ್ಸ್ಟರ ನಾವೆಯು ಬರಿದಾಗಿ ತೇಲುತ್ತಿದ್ದುದು ಸಿಕ್ಕಿತು. ಅವರು ಸಿಗಲೇ ಇಲ್ಲ. ಸುಳ್ಳು ಲೆಕ್ಕವೂ ನಿಜವಾದ ಲೆಕ್ಕವೂ ನಾವೆಯಲ್ಲಿಯೇ ಇದ್ದುವು.

ಹೀಗೆ ಎರಡು ಬಹುಮಾನಗಳೂ ಸುಹೈಲಿಯ ಪಾಲಾದುವು. ಆದರೆ ನಾಕ್ಸ್-ಜಾನ್‌ಸ್ಟನ್ನರು 5,000 ಪೌಂಡುಗಳನ್ನು ತಾವು ಇಟ್ಟುಕೊಳ್ಳದೆ, ಕ್ರೋಹರ್ಸ್ಟರ ಪತ್ನಿಗೂ ನಾಲ್ವರು ಮಕ್ಕಳಿಗೂ ನೆರವಾಗಲೆಂದು ಕೊಟ್ಟರು. ತಪ್ಪಿದವನನ್ನು ನಿಂದಿಸದೆ ಅವನ ಮಕ್ಕಳನ್ನು ನೆನೆದ ಈ ಕಾರ್ಯವು ಪಂದ್ಯದ ಗೆಲವಿಗಿಂತ ಕಿರಿದೆಂದು ನಮಗೆ ತೋರುವುದಿಲ್ಲ.

ಮುಂದೆ ಸುಹೈಲಿಯು 1991ರಲ್ಲಿ ಗ್ರೀನ್‌ಲೆಂಡಿನ ಹಿಮದ ಕಡಲಿಗೂ ಹೋಗಿ ಬಂದಿತು. ಬಳಿಕ ಅದನ್ನು ಗೌರವದಿಂದ ಇಂಗ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿರಿಸಿದರು. ಅಲ್ಲಿಯ ಒಣಗಾಳಿಗೆ ತೇಗದ ಹಲಗೆಗಳು ಕುಗ್ಗತೊಡಗಿದುವು. ಗಾಡಿಯ ಗಾಲಿಯ ಮಾತು ಇಲ್ಲಿ ನೆನಪಾಗಬೇಕು. ಅಲೆಗಳು ಕೆಡಿಸಲಾರದುದನ್ನು ವಿಶ್ರಾಂತಿಯು ಕೆಡಿಸಲಾರಂಭಿಸಿತ್ತು. ಒಡೆಯರು ಅದನ್ನು 2002ರಲ್ಲಿ ಹೊರತಂದು, ದುರಸ್ತಿ ಮಾಡಿ ಮತ್ತೆ ನೀರಿಗಿಳಿಸಿದರು. ಪಂದ್ಯದ ಐವತ್ತನೆಯ ವರ್ಷದ ಉತ್ಸವಕ್ಕೆ, 2018ರಲ್ಲಿ, ಅದು ಫಾಲ್ಮತ್‌ನಲ್ಲಿ ಹಾಯಿ ಬಿಚ್ಚಿ ಹೊರಟಿತು.

ಮುಂಬಯಿಯ ಬಡಗಿಗಳ ವಿದ್ಯೆಯ ಕುಡಿಯು ನಮ್ಮ ದೇಶದಲ್ಲಿಯೂ ಚಿಗುರಿದೆ. ಗೋವೆಯಲ್ಲಿ ಕಟ್ಟಿದ ನೌಕಾಪಡೆಯ 'ಮಾದೇಯಿ' ನಾವೆಯು, ಕರ್ನಾಟಕದ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನು ಹೊತ್ತುದು. ಅದರಲ್ಲಿ ದಿಲೀಪ್ ದೋಂದೆಯವರು 2010ರಲ್ಲಿ ಒಬ್ಬರೇ ಜಗತ್ತನ್ನು ಸುತ್ತಿದ ಮೊದಲ ಭಾರತೀಯರಾದರು. ಅಭಿಲಾಷ್ ಟಾಮಿಯವರು 2013ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. 2017-18ರಲ್ಲಿ 'ತಾರಿಣಿ'ಯಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 254 ದಿನಗಳ ಯಾತ್ರೆಯನ್ನು ಪೂರೈಸಿದರು, ಅವರಲ್ಲಿ ಪಿ. ಸ್ವಾತಿಯವರು ನಮ್ಮ ರಾಜ್ಯದ ವಿಶಾಖಪಟ್ಟಣದವರು.

ವಿದ್ಯಾರ್ಥಿಗಳೇ, ಸುಹೈಲಿಯು ಗೆದ್ದುದು ಓಟದಿಂದಲ್ಲ. ಕೆಟ್ಟುದನ್ನು ಕೆಟ್ಟಲ್ಲಿಯೇ ಸರಿಪಡಿಸಿಕೊಂಡು ಮುಂದುವರಿದುದರಿಂದ. ಪೋಷಕರಲ್ಲಿ ನಮ್ಮದೊಂದು ವಿನಂತಿ: ಮಕ್ಕಳು ಎಷ್ಟನೆಯವರಾಗಿ ಬಂದರೆಂದು ಕೇಳುವ ಮುನ್ನ, ಸುಳ್ಳು ಲೆಕ್ಕವಿಲ್ಲದೆ ಬಂದರೇ ಎಂದು ಕೇಳಿರಿ. ನಿಜವಾದ ಲೆಕ್ಕದೊಡನೆ ನಿಧಾನವಾಗಿ ಬಂದವರಿಗೆ ಮನೆಯ ಬಾಗಿಲು ಯಾವಾಗಲೂ ತೆರೆದಿರಲಿ.