ಓರೆಕೋರೆ ಇದ್ದರೆ ಕೈಕೆಲಸವೇ?

"ಒಂಚೂರು ಓರೆಕೋರೆ ಐತಂದ್ರ ಕೈಕೆಲಸಾನ ನೋಡ್ರಿ ಅಕ್ಕಾ." ಬಳ್ಳಾರಿಯಲ್ಲಿ ಮದುವೆ ಜವಳಿ ತೆಗೆದವರಿಗೆ ಈ ಮಾತು ಹೊಸದಲ್ಲ. ಸಿರುಗುಪ್ಪ, ಕುರುಗೋಡಿನಿಂದ ಬಸ್ಸು ಹಿಡಿದು ಬಂದವರು ಇದನ್ನು ನಂಬಿ ಸೊಟ್ಟ ಹೊಲಿಗೆಗೆ ಹೆಚ್ಚು ದುಡ್ಡು ಕೊಟ್ಟು ಹೋಗುತ್ತಾರೆ. ಅದೇ ಜನ ಚೌಕಟ್ಟಿಗೆ ಬಿಗಿದು ಕೈಯಲ್ಲಿ ಕಸೂತಿ ಹಾಕಿದ ಅಚ್ಚುಕಟ್ಟಾದ ಮಗ್ಗಂ ವರ್ಕ್ ಬ್ಲೌಸ್ ಕಂಡರೆ "ಇಷ್ಟು ನೀಟಾಗಿದೆ, ಮಿಷಿನ್ನೇ ಇರಬೇಕು" ಎಂದು ಚೌಕಾಸಿಗೆ ಇಳಿಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಬೆನ್ನು ಬಗ್ಗಿಸಿ ಚೌಕಟ್ಟಿನ ಮುಂದೆ ಕೂತು ಕಲಿತವನ ಕೂಲಿಗೆ ಅವನ ಅಚ್ಚುಕಟ್ಟುತನವೇ ಮುಳುವಾಗುತ್ತದೆ.

ಕೈಯಿಂದ ಮಾಡಿದ್ದು ಎಷ್ಟು ನೆಟ್ಟಗಿರಬಲ್ಲದು ಎಂಬುದಕ್ಕೆ 1950ರ ದಶಕದ ಪ್ಯಾರಿಸ್ ಕಾಕ್‌ಟೇಲ್ ಡ್ರೆಸ್‌ಗಳನ್ನು ನೋಡಬೇಕು. ಡಿಯೊರ್, ಬಾಲೆನ್ಸಿಯಾಗದಂಥ ಫ್ಯಾಷನ್ ಮನೆಗಳು ಅಳತೆ ಕೊಟ್ಟವರ ಮೈಗೆಂದೇ ಹೊಲಿದು ಕೊಟ್ಟ ಉಡುಪುಗಳು ಇವು. ಒಳಮಗ್ಗುಲಲ್ಲಿ ಸೊಂಟದ ಸುತ್ತ ಗಟ್ಟಿ ರಿಬ್ಬನ್ ಪಟ್ಟಿ ಇರುತ್ತದೆ. ಮೊದಲು ಅದರ ಹುಕ್ಕು ಹಾಕಬೇಕು. ಸ್ಕರ್ಟಿನ ಭಾರ ಅದು ಹೊರುತ್ತದೆ, ಮೇಲಿನ ತೆಳು ರೇಷ್ಮೆಗೆ ಎಳೆತ ಬೀಳುವುದಿಲ್ಲ. ಬಟ್ಟೆಯಂಚು ಎಳೆ ಬಿಡದಂತೆ ಸೂಜಿಯಲ್ಲಿ ಸುತ್ತಿರುತ್ತಾರೆ. ಕೆಳಗಿನ ಮಡಿಕೆಯ ಹೊಲಿಗೆ ಹೊರಗಿನಿಂದ ಕಾಣುವುದೇ ಇಲ್ಲ. ಇದೆಲ್ಲ ಕೈಕೆಲಸ. 1924ರಲ್ಲಿ ಆಲ್ಬರ್ಟ್ ಲೆಸಾಜ್ ವಹಿಸಿಕೊಂಡ ಕಸೂತಿಮನೆಯಂಥ ಕಡೆ ಕೂರಿಸಿದ ಮಣಿಗಳ ಸಾಲು ಗೆರೆ ಎಳೆದ ಹಾಗಿರುತ್ತದೆ.

ಆ ಮಣಿ ಕೂರಿಸುವ ಕೊಕ್ಕೆಸೂಜಿ ನಮ್ಮ ಮಗ್ಗಂ ವರ್ಕಿನ ಆರಿ ಸೂಜಿಯ ಬಳಗದ್ದೇ. ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ವಿದ್ಯೆ ಯುರೋಪಿಗೆ ಹೋದದ್ದು 18ನೇ ಶತಮಾನದಲ್ಲಿ, ನಮ್ಮ ಏಷ್ಯಾದ ಕಡೆಯಿಂದ. ನಕ್ಷೆ ಬರೆದ ಕಾಗದಕ್ಕೆ ಸೂಜಿಯಲ್ಲಿ ತೂತು ಚುಚ್ಚಿ, ಪುಡಿ ಉಜ್ಜಿ ಬಟ್ಟೆಗೆ ಇಳಿಸುವುದು ಅಲ್ಲೂ ಉಂಟು, ಇಲ್ಲೂ ಉಂಟು. ಒಂದು ಕೈ ಮೇಲೆ ಸೂಜಿ ಹಿಡಿದರೆ ಇನ್ನೊಂದು ಕೈ ಕೆಳಗಿನಿಂದ ದಾರ ಕೊಡುತ್ತದೆ. ಪ್ಯಾರಿಸ್‌ನವರು ಬಟ್ಟೆಯ ಹಿಂಬದಿಯಿಂದ ಕೆಲಸ ಮಾಡುತ್ತಾರೆ, ಮಣಿ ಕೆಳಗೆ ಕೂರುತ್ತದೆ. ನಮ್ಮವರು ಮುಂಬದಿಯಿಂದ ಮಾಡುತ್ತಾರೆ. ವ್ಯತ್ಯಾಸ ಅಷ್ಟೆ. 2023ರ ಮಾರ್ಚಿನಲ್ಲಿ ಡಿಯೊರ್ ಮುಂಬೈನ ಗೇಟ್‌ವೇ ಆಫ್ ಇಂಡಿಯಾ ಎದುರು ಪ್ರದರ್ಶನ ನಡೆಸಿದ್ದು ತನಗೆ ಕಸೂತಿ ಮಾಡಿಕೊಡುವ ಈ ದೇಶದ ಕೈಗಳನ್ನು ಮುಂದಿಟ್ಟುಕೊಂಡೇ.

ಹಾಗಾದರೆ ಮಿಷಿನ್ ಕೆಲಸ ಗುರುತಿಸುವುದು ಹೇಗೆ? ಬಟ್ಟೆ ತಿರುವಿ ಹಾಕಿ. ಕಂಪ್ಯೂಟರ್ ಕಸೂತಿಗೆ ಎರಡು ದಾರ ಬೇಕು. ಹಿಂಬದಿಯಲ್ಲಿ ಬಾಬಿನ್ ದಾರ, ಹೆಚ್ಚಾಗಿ ಬಿಳಿಯದು, ಎದ್ದು ಕಾಣುತ್ತದೆ. ಬಟ್ಟೆಗೆ ಆಸರೆಯಾಗಿ ಇಟ್ಟು ಆಮೇಲೆ ಹರಿದು ತೆಗೆದ ಪೇಸ್ಟಿಂಗ್ ಚೂರುಗಳೂ ಅಂಟಿಕೊಂಡಿರುತ್ತವೆ. ಆರಿಯಲ್ಲಿ ಒಂದೇ ದಾರ: ಮೇಲೆ ಸರಪಳಿ, ಹಿಂದೆ ಅದೇ ಬಣ್ಣದ ಸಣ್ಣ ಗೆರೆ.

ನಮ್ಮ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯೂ ಇದೇ ಅಪನಂಬಿಕೆಗೆ ಸಿಕ್ಕಿದೆ. 2010ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಲೆ ಅದು. ಅದರ ಚೌಕ, ತ್ರಿಕೋನ, ಗೆರೆಗಳಲ್ಲಿ ಹೊಲಿಗೆ ಜಾರಿದರೆ ನಕ್ಷೆಯೇ ಕೆಡುತ್ತದೆ. ಅದನ್ನು ಹೊಲಿಯುವ ಲಂಬಾಣಿ ಹೆಂಗಸರು ಜಾರಲು ಬಿಡುವುದಿಲ್ಲ. ಕನ್ನಡಿ ಅಂಟಿಸಿದ ಚೀಲವೆಲ್ಲ ಸಂಡೂರಿನದಲ್ಲ, ಅದೂ ಗೊತ್ತಿರಲಿ.

ಭಾರ ಇದ್ದಷ್ಟೂ ಒಳ್ಳೆ ವರ್ಕ್ ಎಂಬುದೂ ಸುಳ್ಳು. ತೆಳು ಬಟ್ಟೆಗೆ ಅತಿ ಭಾರ ಹೇರಿದರೆ ಹರಿಯುತ್ತದೆ. ಬಣ್ಣ ಮಾಸಿದ ಬಳ್ಳಾರಿ ಜೀನ್ಸ್ ಸೆಕೆಂಡ್ಸ್ ಮಾಲೂ ಅಲ್ಲ. ನೀಲಿ ಬಣ್ಣ ನೂಲಿನ ಹೊರಮೈಗಷ್ಟೇ ಹಿಡಿದಿರುತ್ತದೆ, ಅದನ್ನು ಬೇಕೆಂದೇ ವಾಷಿಂಗ್ ಯೂನಿಟ್‌ನಲ್ಲಿ ಇಳಿಸುತ್ತಾರೆ. ಇನ್ನು ಬೋರ್ಡಿನ ಮೇಲೆ 'ಓಟ್ ಕುಟ್ಯೂರ್' (ಮೇಲೆ ಹೇಳಿದ ಪ್ಯಾರಿಸ್ ಮನೆಗಳಂತೆ ಅಳತೆಗೆಂದೇ ಹೊಲಿಯುವ ಉಡುಪು) ಎಂದು ಬರೆಸಿದ ಮಾತ್ರಕ್ಕೆ ಅಂಗಡಿ ಅಂಥದ್ದಾಗುವುದಿಲ್ಲ. ಫ್ರಾನ್ಸಿನಲ್ಲಿ 1945ರಿಂದ ಆ ಹೆಸರಿಗೆ ಕಾನೂನಿನ ಕಟ್ಟುಪಾಡಿದೆ.

ಬದನೆಕಾಯಿಯನ್ನು ಒತ್ತಿ, ತಿರುವಿ ನೋಡಿ ಕೊಳ್ಳುವ ನಾವು ಸಾವಿರಾರು ರೂಪಾಯಿಯ ಬ್ಲೌಸನ್ನು ಅಂಗಡಿಯವನ ಬಾಯಿಮಾತಿನ ಮೇಲೆ ಕೊಳ್ಳುತ್ತೇವೆ. ಬಟ್ಟೆಯಿರಲಿ, ಔಷಧಿಯಿರಲಿ, ಯಾರೋ ಖಚಿತವಾಗಿ ಹೇಳಿದರೆಂದರೆ ಮುಗಿಯಿತು, ಮರುಪ್ರಶ್ನೆ ಇಲ್ಲ. ಲೈನಿಂಗ್ ಕೂರಿಸಿದ ಮೇಲೆ ಹಿಂಬದಿ ಮುಚ್ಚಿಹೋಗುತ್ತದೆ. ಅದಕ್ಕೆ ಮೊದಲೇ ಒಮ್ಮೆ ಬಟ್ಟೆ ತಿರುವಿ ನೋಡಿ. ಅಚ್ಚುಕಟ್ಟಾದ ಕೈಕೆಲಸ ಕಂಡರೆ ಚೌಕಾಸಿ ಮಾಡದೆ ಕೂಲಿ ಕೊಡಿ.