ವಿದ್ಯಾರ್ಥಿ ವಸತಿ ಕಂಪನಿಯ ಹೊಣೆ: ನಂಬಿಕೆ ಏನು, ನಿಜ ಏನು?

ಕಟ್ಟಡ ಕಟ್ಟಿಯೋ ಬಾಡಿಗೆಗೆ ಹಿಡಿದೋ, ಮಂಚ, ಊಟ, ಬಿಸಿನೀರು, ವೈಫೈ ಒದಗಿಸಿ, ತಲಾ ಒಂದು ಬೆಡ್‌ಗೆ ಇಷ್ಟು ಎಂದು ತಿಂಗಳ ಹಣ ಪಡೆಯುವುದು ವಿದ್ಯಾರ್ಥಿ ವಸತಿ ಕಂಪನಿಯ ವ್ಯವಹಾರ. ಈ ಕಂಪನಿಗಳು ಪರಿಸರಕ್ಕೂ ಸಮಾಜಕ್ಕೂ ಏನು ಹೊಣೆ ಹೊರಬೇಕು ಎಂಬ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯ ಸಮೇತನಹಳ್ಳಿಯಂಥ ಊರನ್ನು ಮುಂದಿಟ್ಟುಕೊಂಡು ನೋಡಿದರೆ ಅವು ಬೇಗ ಬಯಲಾಗುತ್ತವೆ. ವೈಟ್‌ಫೀಲ್ಡ್ ಇಲ್ಲಿಗೆ ಹತ್ತಿರ, ಆದರೆ ಊರು ನಗರದ ಆಡಳಿತಕ್ಕೆ ಸೇರಿದ್ದಲ್ಲ.

ಲಾಭದ ಶೇ 2ರಷ್ಟನ್ನು ಕಂಪನಿಯ ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಕೊಟ್ಟರೆ ಹೊಣೆ ತೀರಿತು ಎಂಬುದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ಆದರೆ ಇದನ್ನು ವಿಧಿಸುವ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದವಕ್ಕೆ ಮಾತ್ರ ಅದು ಕಡ್ಡಾಯ. ವ್ಯವಹಾರದ ಸಹಜ ಭಾಗವಾದ ಕೆಲಸವನ್ನು ಸಿಎಸ್‌ಆರ್ ನಿಯಮಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಸ್ಟೆಲಿನ ಕೊಳಚೆ ನೀರನ್ನು ಶುದ್ಧೀಕರಿಸುವುದು ಸಮಾಜಸೇವೆ ಅನ್ನಿಸಿಕೊಳ್ಳದು, ಅದು ಕಂಪನಿ ಮಾಡಲೇಬೇಕಾದ ಕೆಲಸ. ಶಾಲೆಗೆ ಬೆಂಚು ಕೊಡಿಸಿದ ರಸೀದಿ ತೋರಿಸಿ ಅದರಿಂದ ನುಣುಚಿಕೊಳ್ಳಲು ಬರುವುದಿಲ್ಲ.

ವಿದ್ಯಾರ್ಥಿಗಳ ವಸತಿಗೆ ಸಾಮಾಜಿಕ ಹೊಣೆಯನ್ನು ತಳುಕು ಹಾಕಿದ್ದು ಈಚಿನ ಕಂಪನಿಗಳು ಎಂಬ ಭಾವನೆಯೂ ಇದೆ. ಕರ್ನಾಟಕದಲ್ಲಿ ಅದಕ್ಕೆ ಹಳೆಯ ಬೇರಿದೆ. ವಾರಾನ್ನ ಉಂಡು ಓದಿದವರ ಒಂದು ತಲೆಮಾರೇ ಇಲ್ಲಿತ್ತು. ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಕಟ್ಟಿದ ಛತ್ರ ಮತ್ತು ಅವರ ಹೆಸರಿನ ವಿದ್ಯಾರ್ಥಿನಿಲಯ ನೂರು ವರ್ಷ ಹಿಂದಿನ ಮಾತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳಿಗೆ ಊಟ, ವಸತಿ ಉಚಿತ. ಹಣ ಪಡೆದು ನಡೆಸುವ ಕಂಪನಿಯನ್ನು ಇವುಗಳ ಸಾಲಿಗೆ ಸೇರಿಸಬೇಕಿಲ್ಲ, ಆದರೆ ದಾರಿ ತೋರಿದವರು ತಾವೇ ಎಂದು ಅದು ಹೇಳಿಕೊಳ್ಳುವಂತೆಯೂ ಇಲ್ಲ.

ಪರಿಸರದ ವಿಷಯ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಗಿಡ ನೆಡುವುದು. ಯಾವ ಗಿಡ ಎಂದು ಕೇಳದೆ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೊಸಕೋಟೆ ಸೀಮೆಯ ನೀಲಗಿರಿ ತೋಪುಗಳೇ ಸಾಕ್ಷಿ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಒಳ್ಳೆಯ ಜಾತಿಯ ಗಿಡವನ್ನೇ ನೆಟ್ಟರೂ ಲೆಕ್ಕ ಸರಿಹೊಂದದು. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. 100 ವಿದ್ಯಾರ್ಥಿಗಳು 300 ದಿನ ಗೀಸರ್ ನೀರಿನಲ್ಲಿ ಸ್ನಾನ ಮಾಡಿದರೆ 14,000 ಯೂನಿಟ್‌ನಷ್ಟು ಆಗುತ್ತದೆ. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಒಟ್ಟು 10 ಟನ್ ಹತ್ತಿರ ಬರುತ್ತದೆ. ಬೆಳೆದ ಮರವೊಂದು ವರ್ಷಕ್ಕೆ 20 ಕೆ.ಜಿ.ಯಷ್ಟು ಹೀರುತ್ತದೆ ಎಂಬುದು ಸಾಮಾನ್ಯ ಅಂದಾಜು. ಹಾಗಾದರೆ ಸ್ನಾನದ ಬಿಸಿನೀರೊಂದಕ್ಕೇ 500 ಬೆಳೆದ ಮರಗಳು ಬೇಕು, ಅದೂ ಸಸಿಗಳು ಉಳಿದು ಮರವಾದ ಮೇಲೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇಟ್ಟರೆ, ಮೋಡ ಕವಿದ ದಿನಗಳನ್ನು ಬಿಟ್ಟು, ಈ ವಿದ್ಯುತ್ತಿನ ಬಹುಪಾಲು ಅಂದೇ ಉಳಿಯುತ್ತದೆ.

ನೀರಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯ ಪರಿಣಾಮ ಇನ್ನೂ ಗಂಭೀರ. ಸ್ವಂತ ಜಾಗದ ಬೋರ್‌ವೆಲ್ ನೀರು ಸ್ವಂತದ್ದು, ಟ್ಯಾಂಕರ್ ನೀರು ದುಡ್ಡು ಕೊಟ್ಟು ತಂದದ್ದು, ಅದರಲ್ಲಿ ಯಾರಿಗೂ ನಷ್ಟವಿಲ್ಲ ಎನ್ನುವವರಿದ್ದಾರೆ. ಎರಡೂ ನೀರು ಬರುವುದು ಒಂದೇ ನೆಲದಿಂದ. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಹೊಸಕೋಟೆ ಅತಿಬಳಕೆಯ ತಾಲ್ಲೂಕು. ಅಂದರೆ ವರ್ಷಕ್ಕೆ ಎಷ್ಟು ನೀರು ತೆಗೆಯಬಹುದೋ ಅದನ್ನು ಮೀರಿ ತೆಗೆಯಲಾಗುತ್ತಿದೆ. ತಲಾ 135 ಲೀಟರ್ ಎಂಬ ಮಾನದಂಡದಂತೆ 100 ವಿದ್ಯಾರ್ಥಿಗಳಿಗೆ ದಿನಕ್ಕೆ 13,500 ಲೀಟರ್ ಬೇಕು. ಅದರಲ್ಲಿ ಶೇ 80ರಷ್ಟು, ಅಂದರೆ 10,800 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಒಳಚರಂಡಿ ಜಾಲವಿಲ್ಲದ ಕಡೆ ಅದು ಪಿಟ್ಟಿನಲ್ಲಿ ಇಂಗಿ ಪಕ್ಕದ ಬಾವಿಗೆ ಸೇರಬಹುದು, ಇಲ್ಲವೇ ರಾಜಕಾಲುವೆ ಹಿಡಿದು ಕೆರೆಗೆ ಹರಿಯಬಹುದು. ತಾಲ್ಲೂಕಿನ ಮೂಲಕ ಹರಿಯುವ ದಕ್ಷಿಣ ಪಿನಾಕಿನಿ ಮುಂದೆ ಹೊಸೂರು ಬಳಿಯ ಕೆಲವರಪಳ್ಳಿ ಜಲಾಶಯ ತಲುಪುತ್ತದೆ. ಬೆಂಗಳೂರಿನ ಕೊಳಚೆಯಿಂದ ಅಲ್ಲಿ ನೊರೆ ಏಳುವುದು ಎಷ್ಟೋ ಸಲ ಸುದ್ದಿಯಾಗಿದೆ. ಕೊಳಚೆ ನೀರನ್ನು ಅಲ್ಲೇ ಶುದ್ಧೀಕರಿಸಿ ಶೌಚಾಲಯದ ಫ್ಲಶ್‌ಗೆ ಬಳಸಿದರೆ ಒಳಗೆ ತರುವ ನೀರೂ ಹೊರಗೆ ಬಿಡುವ ನೀರೂ ಒಟ್ಟಿಗೇ ತಗ್ಗುತ್ತವೆ.

ಪಿಟ್ಟು ತುಂಬಿದಾಗ ಇನ್ನೊಂದು ಮಾತು ಕೇಳಿಬರುತ್ತದೆ: ‘ಕೆಲಸದವರು ಗುತ್ತಿಗೆದಾರನ ಕಡೆಯವರು, ನಮಗೆ ಸಂಬಂಧವಿಲ್ಲ.’ ಇದು ಕಾನೂನಿಗೂ ಮನುಷ್ಯತ್ವಕ್ಕೂ ವಿರುದ್ಧ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ, ರಕ್ಷಣಾ ಸಾಧನವಾಗಲಿ ಮುನ್ನೆಚ್ಚರಿಕೆಯಾಗಲಿ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸುವ ಕೆಲಸಕ್ಕೆ ಯಾರನ್ನೂ ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಹಚ್ಚುವಂತಿಲ್ಲ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪಿಟ್ಟಿನಲ್ಲಿ ಕಟ್ಟಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಕೊಳವೆ ಇಳಿಬಿಟ್ಟು ಹೀರುವ ಯಂತ್ರ ಇರುವಾಗ ಮನುಷ್ಯನನ್ನು ಒಳಗಿಳಿಸಲು ಯಾವ ಕಾರಣವೂ ಉಳಿಯುವುದಿಲ್ಲ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು.

ಪಂಚಾಯಿತಿ ವ್ಯಾಪ್ತಿಯಲ್ಲಿ ನಿಯಮವೇ ಇಲ್ಲ ಎಂಬುದೂ ಸುಳ್ಳು. ಪಿಜಿಗಳಲ್ಲಿ ತಲಾ 70 ಚದರ ಅಡಿ ಜಾಗ ಇರಬೇಕೆಂದು 2024ರಲ್ಲಿ ಬಿಬಿಎಂಪಿ ಹೊರಡಿಸಿದ ಸೂಚನೆ ನಗರಕ್ಕೆ ಸೀಮಿತವಾಗಿತ್ತು, ನಿಜ. ಆದರೆ 1974ರ ಜಲ ಮಾಲಿನ್ಯ ಕಾಯ್ದೆ, 2006ರ ಆಹಾರ ಸುರಕ್ಷತಾ ಕಾಯ್ದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಯಾವುದೂ ನಗರದ ಗಡಿಯಲ್ಲಿ ನಿಲ್ಲುವುದಿಲ್ಲ.

ಕೊನೆಯದಾಗಿ, ಜಾಹೀರಾತಿನಲ್ಲಿ ‘ಪರಿಸರಸ್ನೇಹಿ’ ಎಂದು ಬರೆದುಕೊಳ್ಳುವುದು ಕಂಪನಿಯ ಇಷ್ಟ ಎಂಬ ನಂಬಿಕೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಯಂತೆ ಇಂಥ ಮಾತಿಗೆ ಪುರಾವೆ ಬೇಕು, ಆ ವಿವರ ಜನರಿಗೆ ಸಿಗುವಂತಿರಬೇಕು. ಹಾಗಾಗಿ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಪಿಟ್ಟನ್ನು ಯಾರು ಹೇಗೆ ಖಾಲಿ ಮಾಡುತ್ತಾರೆ ಎಂದು ಮಕ್ಕಳನ್ನು ಸೇರಿಸಲು ಬಂದ ಪೋಷಕರು ಅಡ್ವಾನ್ಸ್ ಕೊಡುವ ಮೊದಲೇ ಕೇಳಬೇಕು.