ಹೆಂಚು ಸುಟ್ಟ ಪ್ಲೆಬ್ಸ್ಟ್

ಕುಮಾರಪಟ್ಟಣ, ರಾಣೆಬೆನ್ನೂರು ಕಡೆಯ ಹಳೆಯ ಮನೆಗಳ ಮಾಡಿನ ಮೇಲೂ ‘ಮಂಗಳೂರು ಹೆಂಚು’ ಕಾಣುತ್ತದೆ. ಆ ಹೆಸರಿನ ಮೂಲ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ತೆರೆದ ಕಾರ್ಖಾನೆ.

ಪ್ಲೆಬ್ಸ್ಟ್ ಜರ್ಮನಿಯಿಂದ ಬಂದ ಯಂತ್ರಕುಶಲಿ. 1851ರಲ್ಲಿ ಬಾಸೆಲ್ ಮಿಷನ್ ಅವರನ್ನು ಕಳಿಸಿದ್ದು ತನ್ನ ಅಚ್ಚುಕೂಟದ ಕೆಲಸಕ್ಕೆ. (ಮುಂದೆ 1894ರಲ್ಲಿ ಕಿಟೆಲ್ ನಿಘಂಟು ಹೊರಬಂದದ್ದು ಅಲ್ಲಿಂದಲೇ.) ಅಚ್ಚಿನ ಮನುಷ್ಯ ಮಣ್ಣಿಗೆ ಕೈಹಾಕಿದ್ದೇಕೆ? ಕ್ರೈಸ್ತರಾದವರನ್ನು ಜಾತಿ ಹೊರಗಿಡುತ್ತಿತ್ತು. ಅದರೊಂದಿಗೆ ಗೇಣಿಯ ಹೊಲ, ಕುಲಕಸುಬುಗಳೂ ಕೈಬಿಡುತ್ತಿದ್ದವು. ಸಭೆಗೆ ಸೇರಿದವರ ಹೊಟ್ಟೆಯ ಹೊಣೆ ಮಿಷನ್ನಿನ ತಲೆಗೇ ಬಂತು. ನೇಯ್ಗೆ ಆಗಲೇ ನಡೆದಿತ್ತು. ಪ್ಲೆಬ್ಸ್ಟ್ ಕಣ್ಣು ನೇತ್ರಾವತಿ ದಡದ ಜೇಡಿಮಣ್ಣಿನ ಮೇಲೆ ಬಿತ್ತು. ಇಬ್ಬರು ಆಳು, ಒಂದು ಜೋಡಿ ಎತ್ತು, ದಿನಕ್ಕೆ ಸುಮಾರು 360 ಹೆಂಚು. ಆರಂಭ ಇಷ್ಟೇ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹೆಂಚು ಕರಾವಳಿಯ ಮಳೆಗೆ ಜಗ್ಗಲಿಲ್ಲ. ವರ್ಷವರ್ಷ ಹುಲ್ಲು ಹೊದಿಸುವ ಕಾಟವೂ ತಪ್ಪಿತು.

ಲಾಭ ಹೋದದ್ದು ಪ್ಲೆಬ್ಸ್ಟ್ ಜೇಬಿಗಲ್ಲ, ಮಿಷನ್ನಿನ ಕೆಲಸಕ್ಕೆ. ಆದರೂ ಇದನ್ನು ಬರಿಯ ದಾನವೆನ್ನಲು ಮನಸ್ಸಾಗದು. ಅನ್ನ ಕೊಡುವವನೂ ಧರ್ಮ ಹೇಳುವವನೂ ಒಬ್ಬನೇ ಆದರೆ ಕೂಲಿಯಾಳು ಎದುರಾಡುವುದು ಹೇಗೆ? ಬೀದಿಗೆ ಬಿದ್ದವರ ಕೈಗೆ ಕಸುಬು ಸಿಕ್ಕಿತೆಂಬುದಂತೂ ನಿಜ. ನೋಡಿ ಕಲಿತ ಊರವರೂ ಹೆಂಚಿನ ಕಾರ್ಖಾನೆ ಹಾಕಿದರು; ಅವರಿಗೆ ಮಿಷನ್ನಿನ ಹಂಗಿರಲಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾದಾಗ ಮಿಷನ್ನಿನ ಜರ್ಮನರು ಬ್ರಿಟಿಷ್ ಸರ್ಕಾರಕ್ಕೆ ಶತ್ರುಗಳಾದರು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹೆಂಚಿನ ಮೇಲಿನ ಮುದ್ರೆಯಲ್ಲೂ ಹೆಸರು ಬದಲಾಯಿತು.